ಕ್ಲಿನಿಕ್‌ನಿಂದ ಕ್ಲಾಸಿಗೆ: ಫಿಸಿಯೋಥೆರಪಿ ಮೇಷ್ಟ್ರಾಗಲು ಹೊರಟವರಿಗೆ

ಯೂನಿವರ್ಸಿಟಿಯಲ್ಲಿ ಫಿಸಿಯೋಥೆರಪಿ ಕಲಿಸುವ ಕೆಲಸಕ್ಕೆ ಬರಬೇಕು ಅಂತ ವಿಚಾರಿಸುವ ಕಿರಿಯರು ಹೆಚ್ಚಾಗಿ ಎರಡು ಕಾರಣ ಹೇಳುತ್ತಾರೆ. ಕ್ಲಿನಿಕ್‌ನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಸೊಂಟ ಬಿದ್ದುಹೋಯಿತು ಅನ್ನುವುದು ಒಂದು. ಮೇಷ್ಟ್ರುಗಳಿಗೆ ರಜೆ ಜಾಸ್ತಿ ಅನ್ನುವುದು ಇನ್ನೊಂದು. ಎರಡನ್ನೂ ಕೇಳಿ ನನಗೆ ನಗು ಬರುತ್ತದೆ. ಪ್ರಾಕ್ಟಿಕಲ್ ಲ್ಯಾಬ್‌ನಲ್ಲಿ ಸಾಲು ಮಂಚಗಳ ನಡುವೆ ಓಡಾಡುತ್ತಾ, ಬಗ್ಗಿ ಬಗ್ಗಿ ಒಬ್ಬೊಬ್ಬರ ಕೈ ಸರಿಮಾಡಿ ನೋಡಿ. ಸೊಂಟಕ್ಕೆ ಅಲ್ಲೂ ಬಿಡುವಿಲ್ಲ. ರಜೆಯಲ್ಲಿ ಉತ್ತರಪತ್ರಿಕೆ, ವಿದ್ಯಾರ್ಥಿಗಳ ಥೀಸಿಸ್, ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಕಾದು ಕೂತಿರುತ್ತವೆ.

ಹಾಗಾದರೆ ಯಾರು ಬರಬೇಕು? ತಾನು ಮಾಡುವ ಕೆಲಸವನ್ನು ಬಿಡಿಸಿ ನೋಡಲು ಇಷ್ಟಪಡುವವರು. ವರ್ಷಗಟ್ಟಲೆ ಪೇಷಂಟ್ ನೋಡಿದ ಕೈಗೆ ತುಂಬಾ ಗೊತ್ತಿರುತ್ತದೆ. ಆದರೆ ಗೊತ್ತಿರುವುದೆಲ್ಲ ಕೈಯಲ್ಲೇ ಉಳಿದಿರುತ್ತದೆ, ಬಾಯಿಗೆ ಬರುವುದಿಲ್ಲ. "ಭುಜ ಹೀಗೆ ಹಿಡಿದುಕೋ" ಅನ್ನುತ್ತೇವೆ. ಹೀಗೆ ಅಂದರೆ ಹೇಗೆ? ಬೆರಳು ಎಲ್ಲಿರಬೇಕು, ಒತ್ತಡ ಯಾವ ಕಡೆಗೆ, ಎಲ್ಲಿ ನಿಲ್ಲಿಸಬೇಕು, ಪೇಷಂಟ್ ಮುಖ ಯಾವಾಗ ನೋಡಬೇಕು? "ಬೇಕಾದಷ್ಟು ಒತ್ತಿ" ಅನ್ನುವ ಮೇಷ್ಟ್ರ ಪಾಠ, "ಉಪ್ಪು ರುಚಿಗೆ ತಕ್ಕಷ್ಟು" ಅಂತ ಬರೆದ ಅಡುಗೆ ಪುಸ್ತಕದ ಹಾಗೆ. ಬಲ್ಲವರಿಗೆ ಸಾಕು, ಕಲಿಯುವವರಿಗೆ ಏನೂ ಸಿಗುವುದಿಲ್ಲ.

ಅರ್ಜಿ ಹಾಕುವ ಮುಂಚೆ ಇದನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ನಿಮ್ಮ ಕ್ಲಿನಿಕ್‌ಗೆ ಪೋಸ್ಟಿಂಗ್ ಮೇಲೆ ಬರುವ ವಿದ್ಯಾರ್ಥಿಗಳನ್ನು ತಪ್ಪಿಸಿಕೊಳ್ಳದೆ ನೀವೇ ಕೇಳಿ ತೆಗೆದುಕೊಳ್ಳಿ. ಒಬ್ಬರಿಗೆ ಒಂದೇ ಒಂದು ಟೆಸ್ಟ್ ಕಲಿಸಿ. ಒಂದು ವಾರ ಬಿಟ್ಟು, ಏನೂ ಹೇಳದೆ, ಮಾಡಿ ತೋರಿಸಲು ಹೇಳಿ. ಅವರ ಕೈಯಲ್ಲಿ ಉಳಿದದ್ದೆಷ್ಟೋ ನೀವು ಕಲಿಸಿದ್ದು ಅಷ್ಟೇ. ಈ ಲೆಕ್ಕ ನೋಡಿ ಬೇಸರ ಬರುವ ಬದಲು ಕುತೂಹಲ ಬಂದರೆ ಮುಂದಿನದನ್ನು ಓದಿ.

ಡಿಗ್ರಿಗಳ ವಿಚಾರ

ಫಿಸಿಯೋಥೆರಪಿಯ ಮೊದಲ ಡಿಗ್ರಿ ಎಲ್ಲ ದೇಶಗಳಲ್ಲೂ ಒಂದೇ ಥರ ಇಲ್ಲ. ಬಹಳ ಕಡೆ ಅದು ಬ್ಯಾಚುಲರ್ಸ್. ಅಮೆರಿಕದಲ್ಲಿ ಡಿ.ಪಿ.ಟಿ., ಅಂದರೆ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ. ಇಲ್ಲೇ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಡಿ.ಪಿ.ಟಿ. ಪೇಷಂಟ್ ನೋಡಲು ತಯಾರು ಮಾಡುವ ಡಿಗ್ರಿ. ಪಿಎಚ್.ಡಿ. ಸಂಶೋಧನೆ ಮಾಡಲು ತಯಾರು ಮಾಡುವ ಡಿಗ್ರಿ. ಎರಡಕ್ಕೂ ಹೆಸರಿನ ಮುಂದೆ ಡಾಕ್ಟರ್ ಬರಬಹುದು, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಕಲಿಸುವ ಕೆಲಸ ಶುರು ಮಾಡಲು ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು, ಮೇಲೆ ಹೋಗಲು ಪಿಎಚ್.ಡಿ. ಬೇಕು. ಕ್ಲಿನಿಕಲ್ ಅನುಭವ ಬಲವಾಗಿದ್ದವರನ್ನು ಪಿಎಚ್.ಡಿ. ಇಲ್ಲದೆ ತೆಗೆದುಕೊಳ್ಳುವ ಹುದ್ದೆಗಳೂ ಇವೆ. ನೀವು ಕಣ್ಣಿಟ್ಟಿರುವ ಯೂನಿವರ್ಸಿಟಿಯ ನಿಯಮ ಓದದೆ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ.

ಮಾಸ್ಟರ್ಸ್ ಮುಗಿದ ಕೂಡಲೇ ಕ್ಲಾಸಿಗೆ ಬರಬೇಡಿ ಅಂತ ನಾನು ಹೇಳುತ್ತೇನೆ. ಕೆಲವು ವರ್ಷ ಪೇಷಂಟ್ ನೋಡಿ. ಪುಸ್ತಕದಲ್ಲಿ ಸ್ಟ್ರೋಕ್ ಆದವರಿಗೆ ಒಂದು ಕೈ, ಒಂದು ಕಾಲು ಸೋತಿರುತ್ತದೆ, ಅಷ್ಟೇ. ನಿಜವಾದ ಮನುಷ್ಯನಿಗೆ ಶುಗರ್ ಇರುತ್ತದೆ, ಮಂಡಿ ನೋವಿರುತ್ತದೆ, ವ್ಯಾಯಾಮ ಮಾಡಲು ಮನಸ್ಸಿರುವುದಿಲ್ಲ, ಮನೆಯಲ್ಲಿ ಹಿಡಿದುಕೊಳ್ಳಲು ಜನ ಇರುವುದಿಲ್ಲ. ಮೂರನೇ ಸಾಲಿನ ಹುಡುಗಿ ಎದ್ದು "ಮೇಡಂ, ಪೇಷಂಟ್ ಮಾಡಲ್ಲ ಅಂದ್ರೆ?" ಅಂತ ಕೇಳುತ್ತಾಳೆ. ಅದಕ್ಕೆ ಉತ್ತರ ಕ್ಲಿನಿಕ್‌ನಲ್ಲಿ ಮಾತ್ರ ಸಿಗುತ್ತದೆ.

ಪಿಎಚ್.ಡಿ.ಗೆ ಪೂರ್ತಿ ಸಮಯ ಕೊಟ್ಟರೂ ಮೂರರಿಂದ ಐದು ವರ್ಷ ಹಿಡಿಯುವುದು ಮಾಮೂಲು. ಕೆಲಸದ ಜೊತೆ ಮಾಡಿದರೆ ಇನ್ನೂ ಜಾಸ್ತಿ. ವಿಷಯ ಆರಿಸುವ ಮೊದಲು ಗೈಡ್ ಆರಿಸಿ. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು ಅಂತ ಆ ವಿದ್ಯಾರ್ಥಿಗಳನ್ನೇ ಕೇಳಿ. ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ವಾಪಸ್ ಕೊಡುತ್ತಾರೆ ಅಂತಲೂ ಕೇಳಿ. ಹೆಸರು ದೊಡ್ಡದಿದ್ದು ಸಿಗದೇ ಇರುವ ಗೈಡ್‌ಗಿಂತ, ಹೆಸರು ಸಣ್ಣದಾದರೂ ಮೇಲ್‌ಗೆ ಉತ್ತರ ಬರೆಯುವವರು ವಾಸಿ.

ಡೆಮೋ ಪಾಠ

ಸಂದರ್ಶನದಲ್ಲಿ ಬಹಳ ಕಡೆ ಹದಿನೈದು ಇಪ್ಪತ್ತು ನಿಮಿಷದ ಪಾಠ ಮಾಡಿಸುತ್ತಾರೆ. ಕೂತವರೆಲ್ಲ ವಿಷಯ ಬಲ್ಲವರು. ಅವರಿಗೆ ನಿಮ್ಮ ಜ್ಞಾನಕ್ಕಿಂತ ನಿಮ್ಮ ಆಯ್ಕೆ ಕಾಣಬೇಕು. "ಸ್ಟ್ರೋಕ್ ಪುನಶ್ಚೇತನ" ಅಂತ ಇಡೀ ಸಮುದ್ರ ಹೊತ್ತುಕೊಂಡು ಬರುವವರು ಅರ್ಧ ಸ್ಲೈಡ್ ಓದಿ, ಇನ್ನರ್ಧ ಹಾರಿಸಿ, ಸಮಯ ಮುಗಿಯಿತು ಅಂತ ಕೂರುತ್ತಾರೆ. "ಸ್ಟ್ರೋಕ್ ಆದವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವಾಗ ಭುಜ ಕಾಪಾಡುವುದು ಹೇಗೆ" ಅನ್ನುವಷ್ಟು ಚಿಕ್ಕದು ಸಾಕು.

ಆಗಲೇ ಹೇಳಿದಂತೆ ಬಿಡಿಸಿ ತೋರಿಸಿ. ಕುರ್ಚಿ ಪೇಷಂಟ್‌ನ ಗಟ್ಟಿ ಇರುವ ಕಡೆಗೆ. ಬ್ರೇಕ್ ಹಾಕಿ, ಕಾಲಿಡುವ ಹಲಗೆ ಪಕ್ಕಕ್ಕೆ ಸರಿಸಿ. ಪೇಷಂಟ್ ಹಾಸಿಗೆಯ ಅಂಚಿಗೆ ಬರಬೇಕು. ಪಾದಗಳು ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ಮುಂದಕ್ಕೆ ಬಾಗಿ ಮೂಗು ಕಾಲ್ಬೆರಳುಗಳ ಮೇಲೆ ಬಂದಾಗ ಪೃಷ್ಠ ತಾನಾಗಿ ಎತ್ತಿಕೊಳ್ಳುತ್ತದೆ. ಸೋತ ಕೈ ಹಿಡಿದು ಎಳೆಯಬಾರದು. ಭುಜದ ಸುತ್ತಲಿನ ಸ್ನಾಯು ಸಡಿಲವಾಗಿರುವಾಗ ಕೀಲು ಜಾರುವುದು, ಆಮೇಲೆ ತಿಂಗಳುಗಟ್ಟಲೆ ನೋವು ಕಾಡುವುದು ಇಂಥ ಎಳೆತದಿಂದ ಆಗಬಹುದು. ಇಷ್ಟನ್ನು ಸಮಿತಿಯಲ್ಲಿ ಒಬ್ಬರನ್ನು ಎಬ್ಬಿಸಿ ಮಾಡಿಸಿಬಿಟ್ಟರೆ ನೀವು ಕಲಿಸಬಲ್ಲಿರಿ ಅಂತ ಬೇರೆ ಹೇಳಬೇಕಾಗಿಲ್ಲ. ಒಬ್ಬರಿಗೆ ಎದ್ದು ನಿಲ್ಲಲು ಇಷ್ಟವಿಲ್ಲ ಅನ್ನಿಸಿದರೆ ಒತ್ತಾಯ ಮಾಡಬೇಡಿ. ಅದನ್ನೂ ಅವರು ಗಮನಿಸುತ್ತಿರುತ್ತಾರೆ.

ನೀವೂ ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಗಂಟೆ ಪಾಠ? ಪೇಷಂಟ್ ನೋಡಲು ಬಿಡುವು ಕೊಡುತ್ತೀರಾ? ಎರಡನೆಯದಕ್ಕೆ ಉತ್ತರ ಅಡ್ಡಾದಿಡ್ಡಿ ಬಂದರೆ ಯೋಚನೆ ಮಾಡಿ. ವಾರಕ್ಕೆ ಅರ್ಧ ದಿನವಾದರೂ ಕ್ಲಿನಿಕ್ ಇಲ್ಲದಿದ್ದರೆ ಒಂದೆರಡು ವರ್ಷದಲ್ಲಿ ನಿಮ್ಮ ಉದಾಹರಣೆಗಳೆಲ್ಲ ಹಳಸುತ್ತವೆ.

ಕೈ ಕೆಲಸ ಕಲಿಸುವುದು

ಥಿಯರಿ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಲೈಡ್ ಕಡಿಮೆ ಮಾಡಿ, ಕೇಸ್ ಜಾಸ್ತಿ ಮಾಡಿ, ನಡುವೆ ಪ್ರಶ್ನೆ ಕೇಳಿ. ಈ ವೃತ್ತಿಯಲ್ಲಿ ಮೇಷ್ಟ್ರ ಅಸಲಿ ಕಸುಬು ಲ್ಯಾಬ್‌ನಲ್ಲಿದೆ.

ಕೈಚಳಕ ಕಲಿಸಲು ಪೇಟನ್ ಹೆಸರಿನ ನಾಲ್ಕು ಹೆಜ್ಜೆಯ ಪದ್ಧತಿಯೊಂದು ವೈದ್ಯಕೀಯ ಶಿಕ್ಷಣದಲ್ಲಿ ಚಾಲ್ತಿಯಲ್ಲಿದೆ. ನಾನು ಅದನ್ನೇ ಬಳಸುತ್ತೇನೆ. ಮೊದಲು ಮಾತಿಲ್ಲದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸಬೇಕು. ಆಮೇಲೆ ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಹೇಳುತ್ತಾ ಮಾಡಬೇಕು. ಮೂರನೆಯದರಲ್ಲಿ ವಿದ್ಯಾರ್ಥಿ ಹೇಳುತ್ತಾನೆ, ನಾವು ಅವನು ಹೇಳಿದ ಹಾಗೆ ಮಾಡುತ್ತೇವೆ. ನಾಲ್ಕನೆಯದರಲ್ಲಿ ಅವನೇ ಹೇಳಿ ಅವನೇ ಮಾಡುತ್ತಾನೆ. ಹೆಚ್ಚಿನ ಮೇಷ್ಟ್ರುಗಳು ಮೂರನೆಯ ಹೆಜ್ಜೆ ನುಂಗಿಬಿಡುತ್ತಾರೆ. ಮಜಾ ಇರುವುದೇ ಅಲ್ಲಿ. ವಿದ್ಯಾರ್ಥಿ ಹೇಳಿದ್ದನ್ನು ಅಕ್ಷರಶಃ ಮಾಡಿ. ಬ್ರೇಕ್ ಹಾಕಲು ಹೇಳದಿದ್ದರೆ ಹಾಕಬೇಡಿ. ಕುರ್ಚಿ ಹಿಂದಕ್ಕೆ ಉರುಳಲು ಶುರುವಾದ ಕೂಡಲೇ ಇಡೀ ಬ್ಯಾಚ್ "ಬ್ರೇಕ್, ಬ್ರೇಕ್" ಅಂತ ಕೂಗುತ್ತದೆ. ಕುರ್ಚಿಯಲ್ಲಿ ಯಾರೂ ಇರಬಾರದು, ಅಷ್ಟು ನೋಡಿಕೊಂಡರೆ ಸಾಕು.

ಮಂಡಿ ಎಷ್ಟು ಮಡಚುತ್ತದೆ ಅಂತ ಗೋನಿಯೋಮೀಟರ್‌ನಲ್ಲಿ ಅಳೆಯುವುದನ್ನು ತೆಗೆದುಕೊಳ್ಳಿ. ಮೊದಲ ವರ್ಷದ ಪಾಠ, ಸುಲಭ ಅನ್ನಿಸುತ್ತದೆ. ಉಪಕರಣದ ನಡುವಿನ ತಿರುಗಣೆ ತೊಡೆಮೂಳೆಯ ಕೆಳತುದಿಯ ಹೊರ ಉಬ್ಬಿನ ಮೇಲೆ. ಒಂದು ತೋಳು ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಮೂಳೆಯ ಉಬ್ಬು, ಅಂದರೆ ಗ್ರೇಟರ್ ಟ್ರೋಕ್ಯಾಂಟರ್ ಕಡೆಗೆ, ಇನ್ನೊಂದು ಕಣಕಾಲಿನ ಹೊರಗಂಟಿನ ಕಡೆಗೆ. ಹತ್ತು ವಿದ್ಯಾರ್ಥಿಗಳು ಒಂದೇ ಮಂಡಿ ಅಳೆದರೆ ಹತ್ತು ಉತ್ತರ ಬರುತ್ತವೆ. ಆಗ ಸರಿ ಉತ್ತರ ಹೇಳಿ ಮುಗಿಸಬೇಡಿ. ಹತ್ತೂ ಸಂಖ್ಯೆಗಳನ್ನು ಬೋರ್ಡ್ ಮೇಲೆ ಬರೆದು, ಯಾಕೆ ಹೀಗಾಯಿತು ಅಂತ ಅವರನ್ನೇ ಹುಡುಕಲು ಬಿಡಿ. ಒಬ್ಬಳು ಪ್ಯಾಂಟಿನ ಮೇಲೆಯೇ ಮೂಳೆ ಹುಡುಕಿರುತ್ತಾಳೆ. ಒಬ್ಬ ಗೆಳೆಯನನ್ನು ಬೋರಲು ಮಲಗಿಸಿ ಅಳೆದಿರುತ್ತಾನೆ. ಬೋರಲು ಮಲಗಿದಾಗ ಸೊಂಟದ ಕೀಲು ನೇರವಾಗಿರುತ್ತದೆ. ರೆಕ್ಟಸ್ ಫಿಮೋರಿಸ್ ಸೊಂಟ ಮತ್ತು ಮಂಡಿ ಎರಡನ್ನೂ ದಾಟುವ ಸ್ನಾಯು, ಹಾಗಾಗಿ ಎರಡೂ ಕಡೆ ಎಳೆಸಿಕೊಂಡು ಬಿಗಿಯುತ್ತದೆ, ಮಂಡಿ ಕಡಿಮೆ ಮಡಚಿದ ಹಾಗೆ ಕಾಣುತ್ತದೆ. ಅಂಗಾತ ಮಲಗಿ, ಮಂಡಿಯ ಜೊತೆ ಸೊಂಟವನ್ನೂ ಮಡಚಿದರೆ ಆ ಬಿಗಿತ ಇಲ್ಲ. ಒಂದೇ ಬೋರ್ಡ್‌ನಲ್ಲಿ ಅಳತೆಯ ದೋಷ, ಅನಾಟಮಿ, ದಾಖಲೆಯಲ್ಲಿ ಪೇಷಂಟ್ ಮಲಗಿದ ಭಂಗಿ ಯಾಕೆ ಬರೆಯಬೇಕು, ಮೂರೂ ಪಾಠ ಆಯಿತು ಅಲ್ವಾ? ಮುಂದೆ ಸಂಶೋಧನೆಯ ಕ್ಲಾಸಿನಲ್ಲಿ ರಿಲಯಬಿಲಿಟಿ, ಅಂದರೆ ಯಾರು ಎಷ್ಟು ಸಲ ಅಳೆದರೂ ಒಂದೇ ಉತ್ತರ ಬರುತ್ತದೆಯಾ ಅನ್ನುವುದು, ಬಂದಾಗ ಇದೇ ಬೋರ್ಡ್ ನೆನಪಿಸಿದರೆ ಯಾರೂ ಕಣ್ಣು ಪಿಳಿಪಿಳಿ ಬಿಡುವುದಿಲ್ಲ.

ಎಲ್ಲರ ಕೈ ಒಂದೇ ಅಳತೆಯದಲ್ಲ ಅನ್ನುವುದು ನೆನಪಿರಲಿ. ಮಂಡಿಯೊಳಗಿನ ಎ.ಸಿ.ಎಲ್. ಅನ್ನುವ ಲಿಗಮೆಂಟ್ ಹರಿದಿದೆಯಾ ಅಂತ ನೋಡುವ ಲ್ಯಾಕ್‌ಮನ್ ಟೆಸ್ಟ್‌ನಲ್ಲಿ ಮಂಡಿಯನ್ನು 20ರಿಂದ 30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಅಲ್ಲಾಡದ ಹಾಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಲನ್ನು ಮುಂದಕ್ಕೆ ಎಳೆಯಬೇಕು. ದಪ್ಪ ತೊಡೆ, ಸಣ್ಣ ಕೈ ಆದರೆ ಹಿಡಿತ ಸಿಗುವುದಿಲ್ಲ. ಅಂಥ ವಿದ್ಯಾರ್ಥಿಗೆ "ಗಟ್ಟಿಯಾಗಿ ಹಿಡಿ" ಅಂದರೆ ಏನುಪಯೋಗ? ತನ್ನ ಮಂಡಿಯನ್ನು ಮಂಚದ ಮೇಲೂರಿ ಪೇಷಂಟ್ ತೊಡೆಯ ಕೆಳಗೆ ಆಸರೆ ಕೊಡಲು ತೋರಿಸಿ. ತೊಡೆ ಅದರ ಮೇಲೆ ಕೂತ ಕೂಡಲೇ ಪೇಷಂಟ್‌ನ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಸಡಿಲ ಬಿಡುತ್ತದೆ. ಅದು ಬಿಗಿಯಾಗಿದ್ದರೆ ಹರಿದ ಲಿಗಮೆಂಟ್ ಕೂಡ ಸರಿ ಇದ್ದ ಹಾಗೆ ತೋರುತ್ತದೆ. ಉದ್ದ ಕೈಯ ಮೇಷ್ಟ್ರುಗಳಿಗೆ ಇದು ಹೊಳೆಯುವುದು ಕಷ್ಟ. ನನ್ನ ಕೈ ಸಣ್ಣದು, ಹಾಗಾಗಿ ಗೊತ್ತು.

ತಿದ್ದುವಾಗ ಕಂಡದ್ದನ್ನೇ ಹೇಳಿ. "ಕಾನ್ಫಿಡೆನ್ಸ್ ಸಾಲದು" ಅಂದರೆ ಹುಡುಗ ಮನೆಗೆ ಹೋಗಿ ಏನು ಅಭ್ಯಾಸ ಮಾಡಬೇಕು? "ನಿನ್ನ ಎಡಗೈ ತೊಡೆ ಬಿಟ್ಟುಬಿಟ್ಟಿತ್ತು, ಅದಕ್ಕೇ ಇಡೀ ಕಾಲು ಎದ್ದು ಬಂತು" ಅಂದರೆ ಅವನಿಗೆ ಕೆಲಸ ಸಿಕ್ಕಿತು. ಪೇಷಂಟ್ ಮುಂದೆ ತಿದ್ದುವುದಾದರೆ ಅಪಾಯ ಇದ್ದಾಗ ಮಾತ್ರ. ಉಳಿದದ್ದು ಕಾರಿಡಾರ್‌ನಲ್ಲಿ.

ಇನ್ನೊಂದು ಮಾತು. ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಒಬ್ಬರ ಮೈ ಮೇಲೆ ಒಬ್ಬರು ಅಭ್ಯಾಸ ಮಾಡುತ್ತಾರೆ. ಒಪ್ಪಿಗೆ ಅನ್ನುವುದು ಪೇಷಂಟ್‌ಗೆ ಮಾತ್ರ ಅಲ್ಲ, ಇವರಿಗೂ ಬೇಕು. ಸೆಮಿಸ್ಟರ್ ಶುರುವಿಗೇ ಹೇಳಿಬಿಡಿ: ಯಾವತ್ತು ಬೇಕಾದರೂ, ಕಾರಣ ಹೇಳದೆ, ಬೇಡ ಅನ್ನಬಹುದು. ಹಳೆಯ ಗಾಯ, ಆಪರೇಷನ್, ಗರ್ಭ ಇದ್ದರೆ ನಿಮಗೆ ಖಾಸಗಿಯಾಗಿ ತಿಳಿಸಲು ದಾರಿ ಇರಲಿ. ಪರದೆ, ಹೊದಿಕೆ, ಜೋಡಿ ಬದಲಿಸುವ ಅವಕಾಶ ಇರಲಿ. ಇಡೀ ಕ್ಲಾಸಿನ ಮುಂದೆ "ಯಾಕೆ ನಾಚಿಕೆ?" ಅಂತ ಕೇಳುವವರು ಈ ಕೆಲಸಕ್ಕೆ ತಕ್ಕವರಲ್ಲ.

ಪರೀಕ್ಷೆ

1990ರಲ್ಲಿ ಜಾರ್ಜ್ ಮಿಲ್ಲರ್ ಅನ್ನುವವರು ವೈದ್ಯಕೀಯ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ಬರೆದರು. ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ನಿಜವಾಗಿ ಮಾಡುತ್ತಾನೆ. ಬರೆಯುವ ಪರೀಕ್ಷೆ ಕೆಳಗಿನ ಎರಡು ಮೆಟ್ಟಿಲು ದಾಟುವುದಿಲ್ಲ. ಮೂರನೆಯದಕ್ಕೆ ಓಸ್ಕಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲಿ ಪ್ರಕಟಿಸಿದ ಪದ್ಧತಿ ಅದು. ಸಾಲಾಗಿ ಸ್ಟೇಷನ್‌ಗಳು, ಪ್ರತಿಯೊಂದರಲ್ಲೂ ಕೆಲವು ನಿಮಿಷದ ಒಂದೊಂದು ಕೆಲಸ, ಎಲ್ಲರಿಗೂ ಒಂದೇ ಚೆಕ್‌ಲಿಸ್ಟ್. ಹಳೆಯ ವೈವಾದಲ್ಲಿ ಪರೀಕ್ಷಕರ ಮೂಡ್ ಮೇಲೆ ಅಂಕ ಹೋಗುತ್ತಿತ್ತು. ಇದರಲ್ಲಿ ಅದು ಕಡಿಮೆ.

ಆದರೆ ಚೆಕ್‌ಲಿಸ್ಟ್ ಬರೆಯುವುದೂ ಒಂದು ಕಲೆ. "ಕೈ ತೊಳೆದರು: 1 ಅಂಕ, ಹೆಸರು ಕೇಳಿದರು: 1 ಅಂಕ" ಅಂತ ಪಟ್ಟಿ ಬೆಳೆಸಿದರೆ ಗಿಣಿಪಾಠ ಒಪ್ಪಿಸುವವರು ಗೆಲ್ಲುತ್ತಾರೆ. ಪೇಷಂಟ್ ಸುರಕ್ಷತೆಗೆ ಸಂಬಂಧಪಟ್ಟ ಒಂದೆರಡು ಅಂಶಗಳನ್ನು ತಪ್ಪಿದರೆ ಸ್ಟೇಷನ್ನೇ ಫೇಲ್ ಅಂತ ಇಡಿ. ಪರೀಕ್ಷೆಗೆ ಮುಂಚೆ ಪರೀಕ್ಷಕರೆಲ್ಲ ಕೂತು ಒಂದು ವಿಡಿಯೋ ನೋಡಿ, ಬೇರೆಬೇರೆಯಾಗಿ ಅಂಕ ಕೊಟ್ಟು ಹೋಲಿಸಿ. ಗೋನಿಯೋಮೀಟರ್ ಬೋರ್ಡ್ ನೆನಪಿದೆಯಲ್ಲ, ಪರೀಕ್ಷಕರ ಸಂಖ್ಯೆಗಳೂ ಹಾಗೇ ಇರುತ್ತವೆ.

ಫೇಲ್ ಮಾಡುವುದು ಕಷ್ಟ. ಪಾಪ, ಕೊನೆಯ ವರ್ಷ, ಮನೆಯ ಪರಿಸ್ಥಿತಿ ಅಂತೆಲ್ಲ ಬರುತ್ತದೆ. ಕರುಣೆಯನ್ನು ಪರೀಕ್ಷೆಗೆ ಮೊದಲೇ ಖರ್ಚು ಮಾಡಿ. ಹಿಂದೆ ಬಿದ್ದವರನ್ನು ಸೆಮಿಸ್ಟರಿನ ಮಧ್ಯದಲ್ಲೇ ಕರೆದು, ಏನು ಕಮ್ಮಿ ಇದೆ ಅಂತ ಬರೆದು ಕೊಟ್ಟು, ಹೆಚ್ಚುವರಿ ಅಭ್ಯಾಸ ಮಾಡಿಸಿ. ಆ ಕಾಗದದ ಪ್ರತಿ ನಿಮ್ಮ ಹತ್ತಿರವೂ ಇರಲಿ.

ನೋಟ್ಸ್ ಹಳೆಯದಾಗುತ್ತದೆ

ಪ್ರತಿ ಸ್ಲೈಡಿನ ಮೂಲೆಯಲ್ಲೂ ಅದನ್ನು ಕೊನೆಯ ಸಲ ತಿದ್ದಿದ ವರ್ಷ ಬರೆಯಿರಿ. ಉಳುಕಿಗೆ ವಿಶ್ರಾಂತಿ, ಐಸ್, ಬಿಗಿ ಕಟ್ಟು, ಎತ್ತಿಡುವುದು ಅಂತ ರೈಸ್ ಸೂತ್ರ ಕೊಟ್ಟಿದ್ದು 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಆಮೇಲೆ, ಐಸ್ ಮತ್ತು ಪೂರ್ತಿ ವಿಶ್ರಾಂತಿಯಿಂದ ವಾಸಿಯಾಗುವುದು ತಡವಾಗಬಹುದು ಅಂತ ಹೇಳಿದ್ದೂ ಅವರೇ. 2019ರಲ್ಲಿ ಬಂದ ಪೀಸ್ ಅಂಡ್ ಲವ್ ಸೂತ್ರದಲ್ಲಿ ಐಸ್ ಇಲ್ಲವೇ ಇಲ್ಲ, ನಿಧಾನವಾಗಿ ಭಾರ ಹಾಕುವುದು ಮತ್ತು ವ್ಯಾಯಾಮ ಮುಂದೆ ಬಂದಿವೆ. ಅಲ್ಟ್ರಾಸೌಂಡ್ ಚಿಕಿತ್ಸೆಯ ಕಥೆಯೂ ಇಂಥದ್ದೇ. ಕೊಟ್ಟ ಹಾಗೆ ನಟಿಸುವ ಸುಳ್ಳು ಚಿಕಿತ್ಸೆಗಿಂತ ಅದು ಹೆಚ್ಚು ಗುಣ ಕೊಡುತ್ತದೆ ಅನ್ನಲು ಪುರಾವೆ ತೀರಾ ಕಮ್ಮಿ ಅಂತ 2001ರಲ್ಲೇ ವಿಮರ್ಶೆ ಬಂದಿತ್ತು. ಆದರೂ ಲ್ಯಾಬ್‌ಗಳಲ್ಲಿ ಆ ಯಂತ್ರದ ಮೇಲೆ ವಾರಗಟ್ಟಲೆ ಪಾಠ ನಡೆಯುತ್ತದೆ.

ಹಾಗಂತ ಹಳೆಯದನ್ನು ಒಂದೇ ದಿನಕ್ಕೆ ಕಿತ್ತುಹಾಕಲು ಆಗುವುದಿಲ್ಲ. ಸಿಲಬಸ್‌ನಲ್ಲಿದ್ದರೆ ಕಲಿಸಲೇಬೇಕು, ಪರೀಕ್ಷೆಯಲ್ಲಿ ಕೇಳುತ್ತಾರೆ. ಕಲಿಸಿ, ಜೊತೆಗೆ ಪುರಾವೆಯನ್ನೂ ಇಡಿ. ಪೆಡ್ರೋ ಅನ್ನುವ ಉಚಿತ ಡೇಟಾಬೇಸ್ 1999ರಿಂದ ಇದೆ, ಶುರುವಾದದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಫಿಸಿಯೋಥೆರಪಿಯ ಪ್ರಯೋಗಗಳನ್ನು ಅಲ್ಲಿ ಹತ್ತಕ್ಕೆ ಇಷ್ಟು ಅಂತ ಅಳೆದು ಇಟ್ಟಿರುತ್ತಾರೆ. ತಿಂಗಳಿಗೊಮ್ಮೆ ಒಂದು ಪ್ರಯೋಗ ಹಿಡಿದು, ವಿದ್ಯಾರ್ಥಿಗಳಿಂದಲೇ ಅಂಕ ಹಾಕಿಸಿ, ಆಮೇಲೆ ಪೆಡ್ರೋ ಕೊಟ್ಟ ಅಂಕ ತೋರಿಸಿ. ಜಗಳ ಆಗುತ್ತದೆ. ಆಗಲಿ.

ಸಂಶೋಧನೆ ಮತ್ತು ಫೈಲು

ಮೊದಲ ವರ್ಷ ಸಂಶೋಧನೆಯ ಕನಸು ಬೇಡ, ಪಾಠ ತಯಾರಿಯೇ ಹೊಟ್ಟೆ ತುಂಬಾ ಆಗುತ್ತದೆ. ಯಾರಿಗೂ ಬೇಡದ ಸಬ್ಜೆಕ್ಟ್‌ಗಳನ್ನೆಲ್ಲ ಹೊಸಬರ ತಲೆಗೆ ಕಟ್ಟುವುದು ಎಲ್ಲ ಡಿಪಾರ್ಟ್‌ಮೆಂಟ್‌ಗಳಲ್ಲೂ ಇದ್ದದ್ದೇ. ಅದರಲ್ಲಿ ಒಂದನ್ನಾದರೂ ನಿಮ್ಮ ಕ್ಲಿನಿಕ್ ಅನುಭವಕ್ಕೆ ಹತ್ತಿರದ್ದು ಕೇಳಿ ಪಡೆಯಿರಿ.

ಎರಡನೇ ವರ್ಷದಿಂದ ಚಿಕ್ಕ ಪ್ರಶ್ನೆ ಹಿಡಿಯಿರಿ. ಮೂರು ಮೀಟರ್ ಜಾಗ, ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್ ಇದ್ದರೆ ಟೈಮ್ಡ್ ಅಪ್ ಅಂಡ್ ಗೋ ಟೆಸ್ಟ್ ಮಾಡಬಹುದು: ಕುರ್ಚಿಯಿಂದ ಎದ್ದು, ಅಷ್ಟು ದೂರ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಅಂತ ನೋಡುವುದು. 1991ರಿಂದ ಜಗತ್ತೆಲ್ಲ ವಯಸ್ಸಾದವರ ನಡಿಗೆ ಅಳೆಯುವುದು ಹೀಗೇ. ಕೋಟಿ ಬೆಲೆಯ ಯಂತ್ರ ಇಲ್ಲ ಅಂತ ಕೂರುವವರು ಯಂತ್ರ ಬಂದ ಮೇಲೂ ಕೂತೇ ಇರುತ್ತಾರೆ. ನಿಮ್ಮ ವಿದ್ಯಾರ್ಥಿಗಳನ್ನೇ ಅಧ್ಯಯನಕ್ಕೆ ಸೇರಿಸುವುದಾದರೆ ಎಚ್ಚರ. ಅಂಕ ಕೊಡುವ ಮೇಡಂ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲು, ಆಮೇಲೆ ಮೊದಲ ಅಳತೆ. ಒಪ್ಪಿಗೆ ಕೇಳುವ ಕೆಲಸವನ್ನು ಅವರಿಗೆ ಪಾಠ ಮಾಡದ ಬೇರೊಬ್ಬರಿಗೆ ವಹಿಸಿ.

"ಗೌರವಾನ್ವಿತ ಪ್ರೊಫೆಸರ್" ಅಂತ ಹೊಗಳಿ, ವಾರದಲ್ಲಿ ಪ್ರಕಟಿಸುತ್ತೇವೆ ದುಡ್ಡು ಕಳಿಸಿ ಅನ್ನುವ ಜರ್ನಲ್‌ಗಳ ಮೇಲ್ ಬಂದೇ ಬರುತ್ತವೆ. ಅಳಿಸಿ. ಅನುಮಾನ ಇದ್ದರೆ ಆ ಜರ್ನಲ್ ಪಬ್‌ಮೆಡ್ ಅಥವಾ ಡಿ.ಓ.ಎ.ಜೆ. ಅನ್ನುವ ಆನ್‌ಲೈನ್ ಪಟ್ಟಿಗಳಲ್ಲಿ ಇದೆಯಾ ನೋಡಿ, ಲೈಬ್ರರಿಯವರನ್ನೂ ಕೇಳಿ. ಓರ್ಕಿಡ್, ಅಂದರೆ ಸಂಶೋಧಕರ ಗುರುತಿನ ನಂಬರ್, ಉಚಿತ, ಇವತ್ತೇ ಮಾಡಿಸಿಕೊಳ್ಳಿ. ಮದುವೆಯಾಗಿ ಹೆಸರು ಬದಲಾದರೂ, ಇನಿಷಿಯಲ್ ಹಿಂದುಮುಂದಾದರೂ ನಿಮ್ಮ ಲೇಖನಗಳು ನಿಮ್ಮ ಜೊತೆಗೇ ಇರುತ್ತವೆ.

ಪ್ರಮೋಷನ್ ಬಂದಾಗ ಎಲ್ಲರೂ ಹಳೆಯ ಸರ್ಟಿಫಿಕೇಟ್ ಹುಡುಕಿಕೊಂಡು ಓಡಾಡುತ್ತಾರೆ. ಒಂದು ಫೋಲ್ಡರ್ ಇಡಿ. ಹೊಸದಾಗಿ ಬರೆದ ಕೋರ್ಸ್, ಬದಲಿಸಿದ ಚೆಕ್‌ಲಿಸ್ಟ್, ವಿದ್ಯಾರ್ಥಿಗಳು ಬರೆದ ಫೀಡ್‌ಬ್ಯಾಕ್ ಮತ್ತು ಅದರಿಂದ ನೀವು ಬದಲಿಸಿದ್ದೇನು ಅನ್ನುವ ಎರಡು ಸಾಲು, ಗೈಡ್ ಮಾಡಿದ ಥೀಸಿಸ್‌ಗಳ ಪಟ್ಟಿ, ಕೂತ ಸಮಿತಿಗಳ ಆದೇಶಪತ್ರ, ಎಲ್ಲವೂ ಬಂದ ದಿನವೇ ಅದರೊಳಗೆ ಹೋಗಲಿ. ವಿದ್ಯಾರ್ಥಿಗಳ ಹೆಸರು, ಪೇಷಂಟ್‌ಗಳ ಫೋಟೋ ಮಾತ್ರ ಅದರಲ್ಲಿ ಇರಬಾರದು. ಮತ್ತೆ ಲ್ಯಾಬ್‌ಗೆ ಹೊಸ ಮಂಚ ತರಿಸುವ ಸಮಿತಿಯಲ್ಲಿ ನಿಮ್ಮನ್ನು ಹಾಕಿದರೆ, ಎತ್ತರ ಏರಿಸಿ ಇಳಿಸುವಂಥದ್ದನ್ನೇ ಹಟ ಹಿಡಿದು ಕೇಳಿ. ಸೊಂಟದ ವಿಚಾರ ಮೊದಲೇ ಹೇಳಿದ್ದೇನಲ್ಲ.